ಕುಲುಮೆ ಆರಿದ ಊರಿನ ಲೆಕ್ಕ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೈಗಾರಿಕೆಗಳು ಮುಚ್ಚಿಹೋದ ನಗರಗಳು ತಂತ್ರಜ್ಞಾನದ ನಗರಗಳಾಗಿ, ಪ್ರವಾಸಿಗರು ಹಣ ತೆತ್ತು ನೋಡಬರುವ ತಾಣಗಳಾಗಿ ಮಾರ್ಪಡುತ್ತಿರುವ ಬಗೆಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪೇಕ್ಷಿಸಿದ್ದಾರೆ. ಇಂಥ ನಗರಗಳು ಇಂಗ್ಲೆಂಡಿನಲ್ಲಿವೆ, ಅಮೆರಿಕದಲ್ಲಿವೆ, ಜಪಾನಿನಲ್ಲಿವೆ. ಎಲ್ಲವನ್ನೂ ಮುಟ್ಟಿ ಬರಲು ಹೊರಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಆದ್ದರಿಂದ ಒಂದೇ ಊರನ್ನು ಆಯ್ದುಕೊಂಡಿದ್ದೇನೆ. ಅದು ಜರ್ಮನಿಯ ರೂರ್ ಪ್ರದೇಶದ ಪೂರ್ವದ ಅಂಚಿನಲ್ಲಿರುವ ಡಾರ್ಟ್‌ಮಂಡ್. ಸುಮಾರು ಆರು ಲಕ್ಷ ಜನರಿರುವ ನಗರ. ಇಲ್ಲಿ ಕುಳಿತಿರುವ ಹುಡುಗರಿಗೆ ಅದರ ಹೆಸರು ಫುಟ್‌ಬಾಲ್ ತಂಡದ ಮೂಲಕ ಪರಿಚಯವಿರಬಹುದು. ಆ ತಂಡಕ್ಕಾಗಿ ತಲೆಮಾರುಗಳ ಕಾಲ ಕೂಗಿದವರು ಗಣಿಗಳ ಮತ್ತು ಕುಲುಮೆಗಳ ಕಾರ್ಮಿಕರು.

ಬೆಟ್ಟದ ಮೇಲಿನ ನಮಗೆ ಬಯಲಿನ, ಅದೂ ಸಮುದ್ರದಾಚೆಯ ಒಂದು ಊರಿನ ಕಥೆ ಏಕೆ ಎಂದು ನೀವು ಕೇಳಬಹುದು. ಕುಲುಮೆ ಬಯಲಿನಲ್ಲಿರುತ್ತದೆ, ಅದಿರು ಬೆಟ್ಟದಲ್ಲಿರುತ್ತದೆ. ಬಯಲಿನ ಕುಲುಮೆ ಆರಿದಾಗ ಬೆಟ್ಟಕ್ಕೆ ಏನಾಗುತ್ತದೆ ಎಂಬುದು ನಮಗೆ ಸಂಬಂಧಿಸಿದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಆ ಊರಿನೊಳಗೆ ಸ್ವಲ್ಪ ಸುತ್ತಾಡಬೇಕು.

ಡಾರ್ಟ್‌ಮಂಡ್ ಮೂರು ವಸ್ತುಗಳಿಂದ ಬದುಕಿದ ಊರು: ಕಲ್ಲಿದ್ದಲು, ಉಕ್ಕು, ಬಿಯರು. ನಗರದ ದಕ್ಷಿಣಕ್ಕಿರುವ ಹೋರ್ಡೆ ಎಂಬಲ್ಲಿ 1841ರ ಹೊತ್ತಿಗೆ ಕಬ್ಬಿಣದ ಕಾರ್ಖಾನೆ ತಲೆಯೆತ್ತಿತು. 1871ರಲ್ಲಿ ಹೋಶ್ ಕುಟುಂಬದವರು ನಗರದ ಇನ್ನೊಂದು ದಿಕ್ಕಿನಲ್ಲಿ ವೆಸ್ಟ್‌ಫಾಲನ್‌ಹ್ಯೂಟ ಎಂಬ ಉಕ್ಕಿನ ಕಾರ್ಖಾನೆಯನ್ನು ಕಟ್ಟಿದರು. ಇದ್ದಿಲು ಕಾಲ ಕೆಳಗೇ ಇತ್ತು. ಅದಿರು ಮಾತ್ರ ಸಾಲದಾಯಿತು. ಸ್ವೀಡನ್ ದೇಶದ ಅದಿರನ್ನು ಹಡಗಿನಲ್ಲಿ ತರಲೆಂದು ಉತ್ತರ ಸಮುದ್ರದ ಕಡೆಯಿಂದ ಡಾರ್ಟ್‌ಮಂಡ್‌ವರೆಗೆ ಕಾಲುವೆಯನ್ನೇ ತೋಡಿದರು. ಆ ಕಾಲುವೆ 1899ರಲ್ಲಿ ತೆರೆಯಿತು. ಊರಿಗೆ ಸಮೀಪದ ಹೆನ್ರಿಶೆನ್‌ಬುರ್ಗ್ ಎಂಬಲ್ಲಿ ಹಡಗನ್ನು ನೀರಿನ ತೊಟ್ಟಿಯ ಸಮೇತ ಸುಮಾರು 14 ಮೀಟರು ಮೇಲಕ್ಕೆತ್ತುವ ಯಂತ್ರವನ್ನು ಸ್ಥಾಪಿಸಿದರು. ಅದನ್ನು ಉದ್ಘಾಟಿಸಲು ಚಕ್ರವರ್ತಿಯೇ ಬಂದಿದ್ದ. ಇಂದು ಆ ಯಂತ್ರ ಹಡಗನ್ನೆತ್ತುವುದಿಲ್ಲ, ಮ್ಯೂಸಿಯಮ್ಮಾಗಿ ನಿಂತಿದೆ. ಶಾಲೆಯ ಮಕ್ಕಳು ಅದರ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ನೂರು ವರ್ಷಗಳ ಹಿಂದೆಯೂ ಆ ಊರಿನ ಕುಲುಮೆ ಉರಿದದ್ದು ಇನ್ನೊಂದು ದೇಶದ ಬೆಟ್ಟವನ್ನು ಅಗೆದೇ ಎಂಬುದನ್ನು ಆ ಯಂತ್ರ ಹೇಳುತ್ತದೆ.

ಇಪ್ಪತ್ತನೆಯ ಶತಮಾನದ ಐವತ್ತರ ದಶಕದ ಕೊನೆಯಲ್ಲಿ ರೂರ್ ಪ್ರದೇಶದ ಕಲ್ಲಿದ್ದಲಿಗೆ ಕಂಟಕ ಶುರುವಾಯಿತು. ಆಳದಿಂದ ತೆಗೆಯುವ ಇದ್ದಿಲಿಗಿಂತ ಹೊರದೇಶದ ಇದ್ದಿಲೂ ಕಲ್ಲೆಣ್ಣೆಯೂ ಅಗ್ಗವಾದವು. ಗಣಿಗಳು ಒಂದೊಂದಾಗಿ ಮುಚ್ಚಿದವು. ಡಾರ್ಟ್‌ಮಂಡಿನ ಕೊನೆಯ ಗಣಿ ಮುಚ್ಚಿದ್ದು 1987ರಲ್ಲಿ. ಉಕ್ಕಿನ ವಿಷಯದಲ್ಲಿ ಇನ್ನೊಂದು ಲೆಕ್ಕಾಚಾರ ನಡೆಯಿತು. ಹೋಶ್ ಕಂಪನಿಯನ್ನು ಕ್ರುಪ್ ನುಂಗಿತು, ಕ್ರುಪ್ ಮತ್ತು ಥಿಸ್ಸೆನ್ 1999ರಲ್ಲಿ ಒಂದಾದವು. ಒಂದಾದ ಕಂಪನಿಗೆ ರೈನ್ ನದಿಯ ದಡದಲ್ಲಿರುವ ಡ್ಯೂಸ್‌ಬರ್ಗ್ ಲಾಭಕರವಾಗಿ ಕಂಡಿತು. ಅಲ್ಲಿಗೆ ಅದಿರಿನ ದೋಣಿ ನೇರವಾಗಿ ಬರುತ್ತದೆ. ಡಾರ್ಟ್‌ಮಂಡ್ ಒಳನಾಡಿನ ಊರು. 2001ರಲ್ಲಿ ಅಲ್ಲಿ ಉಕ್ಕು ಕರಗಿಸುವುದು ನಿಂತೇಹೋಯಿತು. ಹತ್ತಾರು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಬೀದಿಗಿಳಿದು ಹೋರಾಡಿದರು. ಹೋರಾಟಕ್ಕೆ ಸಿಕ್ಕಿದ್ದು ಕಾಲಾವಕಾಶ, ನಿವೃತ್ತಿ ವೇತನ ಮತ್ತು ಮರುತರಬೇತಿ. ಕುಲುಮೆ ಮಾತ್ರ ಮತ್ತೆ ಉರಿಯಲಿಲ್ಲ.

ಈಗ ಆ ಊರಿಗೆ ಹೋದವರು ನೋಡುವುದೇನು? ನಗರದ ಪಶ್ಚಿಮಕ್ಕೆ ತ್ಸೋಲರ್ನ್ ಎಂಬ ಹಳೆಯ ಗಣಿಯಿದೆ. 1898ರಲ್ಲಿ ಕಟ್ಟಲಾರಂಭಿಸಿ ನಾಲ್ಕಾರು ವರ್ಷಗಳಲ್ಲಿ ಮುಗಿಸಿದ್ದು. ಗಣಿಯೆಂದರೆ ಮಸಿಯ ಗುಡಿಸಲೆಂದು ಭಾವಿಸಿದವರಿಗೆ ಅದು ಅರಮನೆಯಂತೆ ಕಾಣುತ್ತದೆ. ಅದರ ಯಂತ್ರಶಾಲೆ ಉಕ್ಕು ಮತ್ತು ಬಣ್ಣದ ಗಾಜಿನಿಂದಾದದ್ದು. ಬಾಗಿಲಿನ ಮೇಲೆ ಬಳ್ಳಿಯ ಕುಸುರಿ. ಒಳಗೆ ಅಮೃತಶಿಲೆಯ ವಿದ್ಯುತ್ ಫಲಕ. ಗಣಿಯಿಂದ ಇದ್ದಿಲನ್ನು ಮೇಲೆತ್ತುವ ಯಂತ್ರಕ್ಕೆ ಉಗಿಯ ಬದಲು ವಿದ್ಯುತ್ತನ್ನು ಬಳಸಿದ ಮೊದಮೊದಲ ಸ್ಥಳಗಳಲ್ಲಿ ಅದೂ ಒಂದು. 1966ರಲ್ಲಿ ಗಣಿ ನಿಂತಿತು. ಕಟ್ಟಡವನ್ನು ಕೆಡವಿ ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಕೆಲವು ಕಲಾವಿದರು, ಛಾಯಾಗ್ರಾಹಕರು, ನಾಗರಿಕರು ಅಡ್ಡ ನಿಂತರು. 1969ರ ಕೊನೆಗೆ ಯಂತ್ರಶಾಲೆಗೆ ರಕ್ಷಣೆ ದೊರೆಯಿತು. ಚರ್ಚು, ಕೋಟೆ, ಅರಮನೆಗಳನ್ನು ಮಾತ್ರ ಸ್ಮಾರಕವೆಂದು ಕರೆಯುತ್ತಿದ್ದ ಜರ್ಮನಿಯಲ್ಲಿ ಕಾರ್ಖಾನೆಯ ಕಟ್ಟಡವೊಂದಕ್ಕೆ ಆ ಗೌರವ ಸಂದದ್ದು ಹೊಸ ಮಾತು. ಅಲ್ಲಿಂದ ಮುಂದೆ ರೂರ್ ಪ್ರದೇಶದಲ್ಲಿ ಕೆಡವುವ ಮೊದಲು ಯೋಚಿಸುವ ಅಭ್ಯಾಸ ಬೆಳೆಯಿತು. ಇಂದು ಆ ಪ್ರಾಂತದ ಕೈಗಾರಿಕಾ ಮ್ಯೂಸಿಯಮ್ಮುಗಳ ಕೇಂದ್ರ ಕಚೇರಿ ಇರುವುದು ಇದೇ ಗಣಿಯಲ್ಲಿ.

ಇನ್ನೊಂದು ತಾಣ ಹಾನ್ಸಾ ಕೋಕ್ ಘಟಕ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಇದರ ತತ್ತ್ವ ನಿಮಗೆ ತಿಳಿದದ್ದೇ. ಮಲೆನಾಡಿನಲ್ಲಿ ಮರವನ್ನು ಗಾಳಿಯಾಡದಂತೆ ಮಣ್ಣು ಮುಚ್ಚಿ ಸುಟ್ಟು ಇದ್ದಿಲು ಮಾಡುತ್ತಿದ್ದುದನ್ನು ಇಲ್ಲಿನ ಹಿರಿಯರು ಕಂಡಿದ್ದಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಊದುಕುಲುಮೆಗೆ ಬಿದ್ದದ್ದು ನಮ್ಮ ಕಾಡಿನ ಮರದ ಇದ್ದಿಲು ಮತ್ತು ಕೆಮ್ಮಣ್ಣುಗುಂಡಿಯ ಅದಿರು. ಕೋಕ್ ಎಂಬುದೂ ಹಾಗೆಯೇ. ಮರದ ಬದಲು ಕಲ್ಲಿದ್ದಲನ್ನು ಇಟ್ಟಿಗೆಯ ಕಿರಿದಾದ ಗೂಡುಗಳಲ್ಲಿ ತುಂಬಿ, ಗಾಳಿ ಸೋಕದಂತೆ ಸಾವಿರ ಡಿಗ್ರಿಗೂ ಮೇಲೆ ಬಹಳ ಹೊತ್ತು ಕಾಯಿಸುತ್ತಾರೆ. ಆಗ ಹೊರಬರುವ ಹೊಗೆಯಿಂದ ಟಾರು, ಅಮೋನಿಯ, ಬೆಂಜೀನ್ ಮತ್ತು ಉರಿಯುವ ಅನಿಲ ಸಿಗುತ್ತವೆ. ಗೂಡಿನಲ್ಲಿ ಉಳಿಯುವ ಗಟ್ಟಿ ಕರಿಯ ತುಂಡೇ ಕೋಕ್. ಕೆಂಡವಾಗಿ ಹೊರಬಿದ್ದ ಅದರ ಮೇಲೆ ನೀರು ಸುರಿದಾಗ ಊರ ಮೇಲೆಲ್ಲ ಬಿಳಿಯ ಆವಿ ಏಳುತ್ತಿತ್ತು. ಒಗೆದು ಹಾಕಿದ ಬಟ್ಟೆ ಒಣಗುವ ಮೊದಲೇ ಮಸಿಯಾಗುತ್ತಿದ್ದ ಬದುಕು ರೂರ್ ಪ್ರದೇಶದ ಹೆಂಗಸರದು.

ಹಾನ್ಸಾ ಘಟಕ 1928ರಿಂದ 1992ರವರೆಗೆ ನಡೆಯಿತು. ಮುಚ್ಚಿದ ಮೇಲೆ ಅದನ್ನು ಕೆಡವಲಿಲ್ಲ, ಬಣ್ಣ ಬಳಿದು ಹೊಸದಾಗಿಸಲೂ ಇಲ್ಲ. ರಾಜ್ಯ ಸರ್ಕಾರವೂ ಕಲ್ಲಿದ್ದಲು ಕಂಪನಿಯೂ ಸೇರಿ 1995ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವೊಂದು ಅದನ್ನು ಇದ್ದಂತೆ ಕಾಯುತ್ತಿದೆ. ಇದ್ದಿಲು ಸಾಗಿದ ದಾರಿಯಲ್ಲೇ, ಓರೆಯಾದ ಸಾಗಣೆ ಪಟ್ಟಿಯ ಗೂಡಿನಲ್ಲಿ ನಡೆದು ಜನ ಅದನ್ನು ನೋಡುತ್ತಾರೆ. ಗೂಡುಗಳ ಸಂದಿಯಲ್ಲಿ ಬರ್ಚ್ ಮರಗಳು ಎದ್ದಿವೆ. ಟಾರು ಕುಡಿದ ನೆಲದಲ್ಲಿಯೂ ಬೇರೂರುವ ಗಿಡಗಳ ಪಟ್ಟಿಯನ್ನು ಸಸ್ಯಶಾಸ್ತ್ರದವರು ಮಾಡುತ್ತಾರೆ. ಅಲ್ಲಿನವರು ಇದಕ್ಕೆ ಕೈಗಾರಿಕಾ ನಿಸರ್ಗವೆಂದು ಹೆಸರಿಟ್ಟಿದ್ದಾರೆ. ಈ ಹೆಸರಿನ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ನಿಸರ್ಗ ಮರಳಿತು ಎಂದು ಹೇಳಿಬಿಟ್ಟರೆ ನೆಲದೊಳಗಿನ ವಿಷ ಮರೆತುಹೋಗುತ್ತದೆ. ಆದರೆ ಅವರು ಮರೆತಿಲ್ಲವೆಂಬುದನ್ನೂ ಹೇಳಬೇಕು. ಎಲ್ಲಿ ಕಾಲಿಡಬಾರದು ಎಂಬ ಬೇಲಿ ಅಲ್ಲಿದೆ.

ಮೂರನೆಯದು ದಾಸಾ ಎಂಬ ಪ್ರದರ್ಶನಾಲಯ. 1993ರಲ್ಲಿ ತೆರೆದದ್ದು. ಇದನ್ನು ನಡೆಸುವುದು ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಕೇಂದ್ರ ಸಂಸ್ಥೆ. ವಿಜ್ಞಾನ ಕೇಂದ್ರಗಳೆಂದರೆ ಸಾಮಾನ್ಯವಾಗಿ ಯಂತ್ರದ ಜಯಘೋಷ. ಇಲ್ಲಿ ನೇಯ್ಗೆಯ ಯಂತ್ರ, ಮುದ್ರಣ ಯಂತ್ರ, ಉಕ್ಕಿನ ಕುಲುಮೆ ಎಲ್ಲವೂ ಉಂಟು. ಆದರೆ ಕೇಳುವ ಪ್ರಶ್ನೆ ಬೇರೆ. ಈ ಯಂತ್ರದ ಮುಂದೆ ನಿಂತವನ ಕಿವಿಗೆ ಏನಾಯಿತು, ಬೆನ್ನಿಗೆ ಏನಾಯಿತು, ರಾತ್ರಿ ಪಾಳಿಯಲ್ಲಿ ನಿದ್ದೆ ಎಲ್ಲಿಗೆ ಹೋಯಿತು ಎಂದು ಅದು ಕೇಳುತ್ತದೆ. ನನ್ನ ಮಟ್ಟಿಗೆ ಆ ನಗರದ ಆಕರ್ಷಣೆಗಳಲ್ಲೆಲ್ಲ ಇದೇ ಹಿರಿದು. ಬೆಂಗಳೂರಿನಲ್ಲಿಯೂ ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ವಿಜ್ಞಾನ ಸಂಗ್ರಹಾಲಯವಿದೆ, ನಮ್ಮ ಮಕ್ಕಳು ಪ್ರವಾಸ ಹೋಗಿ ನೋಡಿ ಬರುತ್ತಾರೆ. ಯಂತ್ರದ ಪಕ್ಕದಲ್ಲಿ ಮನುಷ್ಯನನ್ನೂ ನಿಲ್ಲಿಸಿ ತೋರಿಸುವ ಇಂಥದೊಂದು ನಮ್ಮಲ್ಲಿಯೂ ಬೇಕು.

ಬಿಯರಿನ ಗೋಪುರ ಕಲಾಕೇಂದ್ರವಾದದ್ದನ್ನೂ, ಇತರ ಸಣ್ಣಪುಟ್ಟ ತಾಣಗಳನ್ನೂ ಬಿಟ್ಟು ಮುಂದೆ ಹೋಗುತ್ತೇನೆ.

ಹೊಸ ತಂತ್ರಜ್ಞಾನದ ಮಾತಿಗೆ ಬಂದರೆ, ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತಿದ್ದಬೇಕು. ಕಾರ್ಖಾನೆ ಮುಚ್ಚಿತು, ಮರುದಿನ ಕಂಪ್ಯೂಟರು ಬಂತು ಎಂಬಂತೆ ಪತ್ರಿಕೆಗಳು ಬರೆಯುತ್ತವೆ. ಹಾಗಾಗಲಿಲ್ಲ. ಡಾರ್ಟ್‌ಮಂಡಿನ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1968ರಲ್ಲಿ, ಅಂದರೆ ಕೊನೆಯ ಗಣಿ ಮುಚ್ಚುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು. ಅದಕ್ಕೂ ಹಿಂದೆ ಕಾರ್ಮಿಕರ ಆ ಊರಿಗೆ ವಿಶ್ವವಿದ್ಯಾಲಯವೇ ಇರಲಿಲ್ಲ. ಸರಕು ಸಾಗಣೆಯ ಶಾಸ್ತ್ರವನ್ನು ಅಭ್ಯಾಸ ಮಾಡುವ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 1981ರಲ್ಲಿ ಆರಂಭವಾಯಿತು. ಕಾರುಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್ಪು ಮಾಡುವ ಎಲ್ಮೋಸ್ ಎಂಬ ಕಂಪನಿ 1984ರಲ್ಲಿ ಹುಟ್ಟಿತು. ಅದೇ ವರ್ಷ ವಿಶ್ವವಿದ್ಯಾಲಯದ ಆವರಣದಲ್ಲಿ ಹಳಿಯಿಂದ ತೂಗುಬಿದ್ದು, ಚಾಲಕನಿಲ್ಲದೆ ಓಡುವ ಸಣ್ಣ ರೈಲು ಆರಂಭವಾಯಿತು. 1985ರಲ್ಲಿ ವಿಶ್ವವಿದ್ಯಾಲಯದ ಪಕ್ಕದಲ್ಲಿಯೇ ತಂತ್ರಜ್ಞಾನ ಕೇಂದ್ರ ತೆರೆಯಿತು. ಅದರ ಸುತ್ತ ಬೆಳೆದ ಉದ್ಯಾನದಲ್ಲಿ ಇಂದು ಮುನ್ನೂರರ ಆಸುಪಾಸಿನಷ್ಟು ಸಂಸ್ಥೆಗಳಿವೆ. ಕುಲುಮೆ ಇನ್ನೂ ಉರಿಯುತ್ತಿರುವಾಗಲೇ ಹಾಕಿದ ಬೀಜ ಇವು. ಉಕ್ಕು ನಿಲ್ಲುವ ಹೊತ್ತಿಗೆ, 2000ದಲ್ಲಿ, ನಗರಾಡಳಿತ ಮತ್ತು ಉಕ್ಕಿನ ಕಂಪನಿ ಸೇರಿ ಹತ್ತು ವರ್ಷಗಳಲ್ಲಿ 70,000 ಹೊಸ ಕೆಲಸಗಳನ್ನು ಸೃಷ್ಟಿಸುವ ಯೋಜನೆಯನ್ನು ಸಾರಿದವು. ಆ ಸಂಖ್ಯೆ ಕೈಗೂಡಲಿಲ್ಲ. ಘೋಷಣೆಯ ಸಂಖ್ಯೆಗಳು ಎಲ್ಲಿಯೂ ಒಂದೇ ಜಾತಿಯವು.

ಕೆಲಸಗಳು ಬರಲಿಲ್ಲವೆಂದಲ್ಲ, ಬಂದವು. ಆದರೆ ಯಾರಿಗೆ? ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವನು ಚಿಪ್ಪು ವಿನ್ಯಾಸ ಮಾಡುವವನಾಗಲಿಲ್ಲ. ಅವನ ಮಗಳು ಆಗಿರಬಹುದು. ವೆಸ್ಟ್‌ಫಾಲನ್‌ಹ್ಯೂಟದ ನೆಲದ ಒಂದು ಭಾಗದಲ್ಲಿ ಇಂದು ಅಂತರಜಾಲ ವ್ಯಾಪಾರದ ದೈತ್ಯ ಕಂಪನಿಯ ಉಗ್ರಾಣವಿದೆ. ಪೆಟ್ಟಿಗೆ ಎತ್ತಿಡುವ ಕೆಲಸ ಅಲ್ಲಿ ಸಿಗುತ್ತದೆ, ಉಕ್ಕಿನ ಕಾರ್ಮಿಕನ ಸಂಬಳ ಸಿಗುವುದಿಲ್ಲ. ಡಾರ್ಟ್‌ಮಂಡಿನ ನಿರುದ್ಯೋಗ ಇಂದಿಗೂ ಜರ್ಮನಿಯ ಸರಾಸರಿಗಿಂತ ಹೆಚ್ಚು. ನಗರದ ಉತ್ತರ ಭಾಗದಲ್ಲಿ ಬಡತನ ಎದ್ದು ಕಾಣುತ್ತದೆ.

ಇದರ ಸ್ಪಷ್ಟ ಚಿತ್ರ ಹೋರ್ಡೆಯಲ್ಲಿದೆ. ಅಲ್ಲಿನ ಫೀನಿಕ್ಸ್ ಕಾರ್ಖಾನೆಗೆ ಎರಡು ಅಂಗಗಳಿದ್ದವು. ಪಶ್ಚಿಮದಲ್ಲಿ ಊದುಕುಲುಮೆ, ಪೂರ್ವದಲ್ಲಿ ಉಕ್ಕಿನ ಘಟಕ. ಪಶ್ಚಿಮದ ಕುಲುಮೆಯ ಅಸ್ಥಿಪಂಜರವನ್ನು ಸ್ಮಾರಕವಾಗಿ ಉಳಿಸಿ ಸುತ್ತ ಸೂಕ್ಷ್ಮ ತಂತ್ರಜ್ಞಾನದ ಕಚೇರಿಗಳನ್ನು ಕಟ್ಟಿದರು. ಪೂರ್ವದ ಘಟಕವನ್ನು ಪೂರ್ತಿ ಕಿತ್ತು, ನೆಲವನ್ನು ಅಗೆದು, 2010ರ ಅಕ್ಟೋಬರಿನಿಂದ ನೀರು ತುಂಬಿ 24 ಹೆಕ್ಟೇರಿನ ಕೆರೆ ಮಾಡಿದರು. ದಡದಲ್ಲಿ ಬಿಳಿಯ ಮನೆಗಳು, ಹೋಟೆಲುಗಳು, ಹಾಯಿದೋಣಿಗಳು. ಹಳೆಯ ಕಾರ್ಖಾನೆಯ ದೈತ್ಯ ಉಕ್ಕಿನ ಪಾತ್ರೆಯೊಂದನ್ನು ನೆನಪಿಗೆಂದು ದಡದಲ್ಲಿಟ್ಟಿದ್ದಾರೆ. ಕೆರೆ ಸುಂದರವಾಗಿದೆ, ಮಳೆಗಾಲದ ಪ್ರವಾಹವನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ಆದರೆ ಅದರ ದಡದ ಮನೆಯನ್ನು ಕೊಳ್ಳುವ ಶಕ್ತಿ ಹಿಂದಿನ ಬೀದಿಯಲ್ಲಿರುವ ಹಳೆಯ ಕಾರ್ಮಿಕನಿಗಿಲ್ಲ.

ಹಾಗಾದರೆ ಕಿತ್ತ ಕಾರ್ಖಾನೆ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಕೇಳುವ ಪ್ರವಾಸಿಗರು ಕಡಿಮೆ.

ಅದು ಚೀನಕ್ಕೆ ಹೋಯಿತು. ಶಾಗಾಂಗ್ ಎಂಬ ಚೀನೀ ಉಕ್ಕಿನ ಕಂಪನಿ ಅದನ್ನು ಕೊಂಡಿತು. ಸುಮಾರು ಸಾವಿರ ಮಂದಿ ಕೆಲಸಗಾರರು ಚೀನದಿಂದ ಬಂದು, ಒಂದೊಂದು ಭಾಗಕ್ಕೂ ಗುರುತು ಹಾಕಿ, ಬಿಚ್ಚಿ, ಪೆಟ್ಟಿಗೆಗೆ ತುಂಬಿ ಹಡಗಿಗೇರಿಸಿದರು. ಯಾಂಗ್‌ಟ್ಸೆ ನದಿಯ ಮುಖಕ್ಕೆ ಸಮೀಪದ ಝಾಂಗ್‌ಜಿಯಾಗಾಂಗ್ ಎಂಬಲ್ಲಿ ಅದನ್ನು ಮತ್ತೆ ಜೋಡಿಸಿದರು. ಇನ್ನೂ ಸೋಜಿಗದ್ದು ಕೈಸರ್‌ಸ್ಟೂಲ್ ಎಂಬ ಕೋಕ್ ಘಟಕದ ಕಥೆ. ಹಾನ್ಸಾ ಮುಚ್ಚಿದ 1992ರಲ್ಲೇ ಅದರ ಬದಲಿಗೆಂದು ತೆರೆದದ್ದು ಇದು; ಆ ಕಾಲಕ್ಕೆ ಜಗತ್ತಿನ ಅತ್ಯಂತ ಆಧುನಿಕ ಘಟಕವೆಂದು ಹೆಸರಾಗಿತ್ತು, ಹೊಗೆ ನಿಯಂತ್ರಣಕ್ಕೆ ಅಪಾರ ಹಣ ಸುರಿದಿದ್ದರು. ಎಂಟೇ ವರ್ಷ ನಡೆದು 2000ದ ಕೊನೆಗೆ ಮುಚ್ಚಿತು. ಅದನ್ನೂ ಚೀನೀ ಕೆಲಸಗಾರರು ಬಿಚ್ಚಿ ಶಾಂಡಾಂಗ್ ಪ್ರಾಂತಕ್ಕೆ ಒಯ್ದರು. ಬಿಚ್ಚುವ ಆ ಕಾಲವನ್ನು ಚಿತ್ರಿಸಿದ 2006ರ ಒಂದು ಸಾಕ್ಷ್ಯಚಿತ್ರವೂ ಇದೆ, ಹೆಸರು ‘ಲೂಸರ್ಸ್ ಅಂಡ್ ವಿನ್ನರ್ಸ್’. ಹೀಗೆ ಹಳೆಯದಾದ, ಕೆಲಸಕ್ಕೆ ಬಾರದ ಹಾನ್ಸಾ ಡಾರ್ಟ್‌ಮಂಡಿನಲ್ಲಿ ಮ್ಯೂಸಿಯಮ್ಮಾಗಿ ಉಳಿಯಿತು. ಹೊಸದು, ಕೆಲಸ ಮಾಡಬಲ್ಲದ್ದು ಸಮುದ್ರ ದಾಟಿತು. ಜಗತ್ತು ಕೋಕ್ ಉರಿಸುವುದನ್ನು ನಿಲ್ಲಿಸಲಿಲ್ಲ. ಡಾರ್ಟ್‌ಮಂಡಿನ ಆಕಾಶ ಮಾತ್ರ ತಿಳಿಯಾಯಿತು.

ಇಲ್ಲಿಂದ ಕಥೆ ನಮ್ಮ ಬೆಟ್ಟದ ಕಡೆಗೆ ತಿರುಗುತ್ತದೆ. 2003ರಲ್ಲಿ ಜಪಾನನ್ನು ಹಿಂದೆ ಹಾಕಿ ಚೀನ ಜಗತ್ತಿನ ಅತಿ ದೊಡ್ಡ ಕಬ್ಬಿಣದ ಅದಿರಿನ ಗಿರಾಕಿಯಾಯಿತು. ಬೆಲೆ ಏರಿತು. ಆ ದಶಕದ ಕೊನೆಗೆ ಭಾರತ ವರ್ಷಕ್ಕೆ 10 ಕೋಟಿ ಟನ್ನಿಗೂ ಮಿಗಿಲಾಗಿ ಅದಿರನ್ನು ರಫ್ತು ಮಾಡುತ್ತಿತ್ತು, ಅದರ ಬಹುಪಾಲು ಹೋದದ್ದು ಚೀನಕ್ಕೆ. ಬಳ್ಳಾರಿಯ ಕೆಂಪು ಧೂಳು, ಸಂಡೂರಿನ ಬಗೆದ ಗುಡ್ಡಗಳು, ಬೇಲೆಕೇರಿ ಬಂದರಿಗೆ ಸಾಲುಗಟ್ಟಿದ ಲಾರಿಗಳು, ಲೋಕಾಯುಕ್ತರ ವರದಿಗಳು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನೇ ತಡೆದದ್ದು, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ಡಾರ್ಟ್‌ಮಂಡಿನಿಂದ ಹೋದ ಘಟಕಕ್ಕೆ ಬಳ್ಳಾರಿಯದೇ ಮಣ್ಣು ಬಿತ್ತೆಂದು ನಾನು ವಾದಿಸುತ್ತಿಲ್ಲ. ಅಂಥ ನೂರಾರು ಕುಲುಮೆಗಳು ಒಟ್ಟಾಗಿ ಬಾಯಿ ತೆರೆದಾಗ ಎಲ್ಲ ದೇಶಗಳ ಬೆಟ್ಟಗಳಿಗೂ ಒಮ್ಮೆಲೇ ಬೆಲೆ ಬಂತು; ಕಾಡಿಗೂ ಹೊಲಕ್ಕೂ ಬೆಲೆ ಇಲ್ಲವಾಯಿತು.

ಡಾರ್ಟ್‌ಮಂಡಿನಿಂದ ಕಲಿಯಬೇಕಾದದ್ದು ಏನೂ ಇಲ್ಲವೇ? ಇದೆ. ಅದು ದೀಪಾಲಂಕಾರದಲ್ಲಿಲ್ಲ, ಚರಂಡಿಯಲ್ಲಿದೆ. ಎಮ್ಷರ್ ಎಂಬ ಸಣ್ಣ ನದಿ ಡಾರ್ಟ್‌ಮಂಡಿನ ಪೂರ್ವಕ್ಕೆ ಹುಟ್ಟಿ, ಎಂಬತ್ತು ಕಿಲೋಮೀಟರಿಗೂ ಹೆಚ್ಚು ಹರಿದು ರೈನ್ ನದಿಯನ್ನು ಸೇರುತ್ತದೆ. ಗಣಿಗಳು ಬಂದ ಮೇಲೆ ಇಡೀ ಪ್ರದೇಶದ ಕೊಳಚೆ ಅದಕ್ಕೇ ಬಿದ್ದಿತು. ಆ ಕೊಳಚೆಯನ್ನು ನೆಲದಡಿಯ ಕೊಳವೆಗಳಲ್ಲಿ ಸಾಗಿಸಲು ಸಾಧ್ಯವಿರಲಿಲ್ಲ, ಏಕೆಂದರೆ ಕೆಳಗೆ ಇದ್ದಿಲು ತೆಗೆದಂತೆ ಮೇಲಿನ ನೆಲ ಕುಸಿಯುತ್ತಿತ್ತು, ಕೊಳವೆ ಮುರಿಯುತ್ತಿತ್ತು. ಆದ್ದರಿಂದ 1899ರಲ್ಲಿ ನಗರಗಳೂ ಗಣಿಗಳೂ ಕಾರ್ಖಾನೆಗಳೂ ಸೇರಿ ಒಂದು ಸಹಕಾರ ಸಂಘವನ್ನು ಕಟ್ಟಿ, ನದಿಯನ್ನೇ ಕಾಂಕ್ರೀಟಿನ ತೆರೆದ ಚರಂಡಿಯಾಗಿ ಮಾಡಿದರು. ನೂರು ವರ್ಷ ಅದು ಗಬ್ಬು ನಾರುತ್ತ ಹರಿಯಿತು. ನೆಲ ಕುಸಿಯುತ್ತಿದ್ದುದರಿಂದ ಅದು ರೈನ್ ಸೇರುವ ಸ್ಥಳವನ್ನು ಎರಡು ಬಾರಿ ಉತ್ತರಕ್ಕೆ ಸರಿಸಬೇಕಾಯಿತು. ಫೀನಿಕ್ಸ್ ಕಾರ್ಖಾನೆಯ ಕೆಳಗಂತೂ ನದಿ ಕತ್ತಲ ಕೊಳವೆಯಲ್ಲಿ ಸಾಗುತ್ತಿತ್ತು.

ಗಣಿಗಳು ಮುಚ್ಚಿ ನೆಲದ ಕುಸಿತ ನಿಂತಮೇಲೆ, 1992ರಿಂದ ಅದೇ ಸಂಘ ನದಿಯನ್ನು ಮರಳಿ ನದಿಯಾಗಿಸುವ ಕೆಲಸಕ್ಕೆ ಕೈಹಾಕಿತು. ಡಾರ್ಟ್‌ಮಂಡಿನಿಂದ ಡಿನ್ಸ್‌ಲಾಕೆನ್‌ವರೆಗೆ 51 ಕಿಲೋಮೀಟರು ನೆಲದಡಿಯ ಕೊಳಚೆ ಕಾಲುವೆಯನ್ನು ಹಾಕಿದರು. ಸುಮಾರು ಮೂವತ್ತು ವರ್ಷ, ಸುಮಾರು 550 ಕೋಟಿ ಯೂರೋ. 2021ರ ಕೊನೆಗೆ ಎಮ್ಷರ್ ಕೊಳಚೆಯಿಂದ ಮುಕ್ತವಾಯಿತು. ಫೀನಿಕ್ಸ್ ಕೆರೆಯ ಪಕ್ಕದಲ್ಲಿ ಈಗ ಅದು ಬಿಸಿಲಿಗೆ ಮೈಯೊಡ್ಡಿ ಹರಿಯುತ್ತಿದೆ. ಈ ಕೆಲಸದ ಮೇಲ್ವಿಚಾರಣೆ ಚುನಾವಣೆಯಿಂದ ಚುನಾವಣೆಗೆ ಬದಲಾಗುವ ಇಲಾಖೆಯದಾಗಿರಲಿಲ್ಲ. ನದಿಗೆ ಕೊಳಚೆ ಬಿಡುವವರೆಲ್ಲ ಸದಸ್ಯರಾಗಿ, ಸದಸ್ಯರೆಲ್ಲ ಹಣ ತೆರಬೇಕಾದ, ನೂರಿಪ್ಪತ್ತು ವರ್ಷ ಬಾಳಿದ ಒಂದು ಸಂಘದ್ದಾಗಿತ್ತು.

ಇನ್ನೊಂದು ಲೆಕ್ಕವಿದೆ, ಅದಕ್ಕೆ ಕೊನೆಯೇ ಇಲ್ಲ. ಇದ್ದಿಲು ತೆಗೆದ ರೂರ್ ಪ್ರದೇಶದ ನೆಲ ಕೆಲವೆಡೆ ಇಪ್ಪತ್ತು ಮೀಟರಿಗೂ ಹೆಚ್ಚು ಕುಸಿದು ಬಟ್ಟಲಿನಂತಾಗಿದೆ. ನದಿ ಮೇಲೆ, ಊರು ಕೆಳಗೆ. ಪಂಪುಗಳು ಹಗಲೂ ರಾತ್ರಿಯೂ ನೀರೆತ್ತುತ್ತಿರುವುದರಿಂದಲೇ ಆ ಪ್ರದೇಶದ ಗಣನೀಯ ಭಾಗ ಕೆರೆಯಾಗದೆ ಊರಾಗಿ ಉಳಿದಿದೆ. ಹಳೆಯ ಗಣಿಗಳೊಳಗೆ ಏರುವ ಉಪ್ಪುನೀರು ಕುಡಿಯುವ ನೀರಿನ ಪದರಕ್ಕೆ ಸೇರದಂತೆಯೂ ಪಂಪು ಮಾಡಬೇಕು. ಎಷ್ಟು ವರ್ಷ? ಎಂದೆಂದಿಗೂ. ಜರ್ಮನರು ಇದನ್ನು ಅನಂತಕಾಲದ ಹೊಣೆಯೆಂದು ಅಧಿಕೃತ ಕಾಗದಗಳಲ್ಲಿಯೇ ಕರೆಯುತ್ತಾರೆ. ಇದರ ಖರ್ಚಿಗೆಂದು 2007ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಕಲ್ಲಿದ್ದಲು ಕಂಪನಿಯ ಲಾಭದಾಯಕ ರಾಸಾಯನಿಕ ವ್ಯವಹಾರದ ಷೇರುಗಳನ್ನು ಅದಕ್ಕೆ ವಹಿಸಿದರು. ದೇಶದ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರಿನಲ್ಲಿ ಮುಚ್ಚಿತು; 2019ರಿಂದ ಆ ಪ್ರತಿಷ್ಠಾನ ವರ್ಷವರ್ಷವೂ 20 ಕೋಟಿ ಯೂರೋಗೂ ಮಿಗಿಲಾದ ಹಣವನ್ನು ಈ ಪಂಪುಗಳಿಗೂ ನೀರಿನ ಕಾವಲಿಗೂ ವೆಚ್ಚ ಮಾಡುತ್ತಿದೆ. ಗಣಿ ಮುಚ್ಚುವ ಹನ್ನೊಂದು ವರ್ಷ ಮೊದಲೇ ಹಣದ ಏರ್ಪಾಡಾಗಿತ್ತು ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು.

ಈಗ ಕುದುರೆಮುಖ. 1980ರಿಂದ 2005ರವರೆಗೆ ಅಲ್ಲಿ ಬೆಟ್ಟವನ್ನು ಅಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಮೊದಲು ಒಪ್ಪಂದವಾದದ್ದು ಇರಾನಿನೊಡನೆ. 1979ರ ಕ್ರಾಂತಿಯ ಬಳಿಕ ಆ ಗಿರಾಕಿ ಇಲ್ಲವಾಗಿ, ಬೇರೆ ದೇಶಗಳಿಗೆ ಮಾರಿದರು. ಪಣಂಬೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಕಾರ್ಖಾನೆ ಬಂತು. ಭದ್ರೆಗೆ ಹೂಳು ಬಿತ್ತು. ಕೆ.ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಕೊನೆಯೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದಿತು. ನಿಂತಿತು. ಅದು ನಮ್ಮ ಭಾಗದ ಜನರ ದೊಡ್ಡ ಗೆಲುವು. ಆ ಗೆಲುವನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ.

ಆದರೆ ಪಣಂಬೂರಿನ ಕಾರ್ಖಾನೆ ಆಮೇಲೇನು ಮಾಡಿತು? ಛತ್ತೀಸಗಡದ ಬೈಲಾಡಿಲ ಬೆಟ್ಟದ ಅದಿರನ್ನು ತರಿಸಿಕೊಂಡು ಉಂಡೆ ಕಟ್ಟಿತು. ಬೈಲಾಡಿಲವೂ ಬೆಟ್ಟವೇ. ಅಲ್ಲಿಯೂ ಕಾಡಿದೆ, ಹೊಳೆಯಿದೆ, ಆದಿವಾಸಿಗಳ ಊರುಗಳಿವೆ. ಡಾರ್ಟ್‌ಮಂಡಿನ ಕುಲುಮೆ ಚೀನಕ್ಕೆ ಹೋದುದನ್ನು ಹೇಳಿ ಅವರನ್ನು ಟೀಕಿಸುವುದು ಸುಲಭ. ನಮ್ಮ ಗುಡ್ಡದ ಗಾಯ ಇನ್ನೊಂದು ಗುಡ್ಡಕ್ಕೆ ಹೋದುದನ್ನು ನಾವು ಎಷ್ಟು ಸಭೆಗಳಲ್ಲಿ ಚರ್ಚಿಸಿದ್ದೇವೆ? ಕಬ್ಬಿಣ ಬೇಡವೆನ್ನುವ ಮನೆ ಯಾವುದೂ ಇಲ್ಲ. ನನ್ನ ಮನೆಯ ಚಾವಣಿಯೂ ಕಬ್ಬಿಣದ ಸರಳಿನ ಮೇಲೆಯೇ ನಿಂತಿದೆ. ಎಷ್ಟು ಬೇಕು, ಯಾರ ಬೆಟ್ಟದಿಂದ, ಗುಜರಿಯನ್ನು ಕರಗಿಸಿಕೊಂಡರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಇಂಜಿನಿಯರಿಂಗ್ ಓದುವ ಮಕ್ಕಳು ಮಾಡಲಿ. ಹೊಸ ತಂತ್ರಜ್ಞಾನವೆಂದರೆ ಇದೂ ಹೌದು.

ಕುದುರೆಮುಖದ ಖಾಲಿ ಪಟ್ಟಣವನ್ನು ಪ್ರವಾಸಿ ತಾಣ ಮಾಡುವ ಮಾತು ಹಲವು ಸಲ ಕೇಳಿಬಂದಿದೆ. ಅಂಥ ಯೋಜನೆ ಮತ್ತೆ ನಿಮ್ಮ ಪಂಚಾಯಿತಿಯ ಮುಂದೆ ಬಂದಾಗ ತೂಗುತೊಟ್ಟಿಲು, ಗಾಜಿನ ಸೇತುವೆಗಳ ಚಿತ್ರವನ್ನು ಮೊದಲು ತೋರಿಸುತ್ತಾರೆ. ಆ ಚಿತ್ರವನ್ನು ಪಕ್ಕಕ್ಕಿಟ್ಟು ಲಕ್ಯಾ ಅಣೆಕಟ್ಟೆಯ ಬಗ್ಗೆ ಕೇಳಿ. ಇಪ್ಪತ್ತೈದು ವರ್ಷ ಅದಿರಿನಿಂದ ಬೇರ್ಪಡಿಸಿದ ಕೆಸರು, ಕೋಟ್ಯಂತರ ಟನ್ನು, ಭದ್ರೆಯ ಉಪನದಿಯೊಂದಕ್ಕೆ ಅಡ್ಡ ಕಟ್ಟಿದ ಆ ಮಣ್ಣಿನ ಕಟ್ಟೆಯ ಹಿಂದೆ ಕುಳಿತಿದೆ. ಮಲೆನಾಡಿನ ಮಳೆ ಪ್ರತಿವರ್ಷ ಅದರ ಮೇಲೆ ಬೀಳುತ್ತದೆ. ಗಣಿಗೆ ಅಂತ್ಯವಿತ್ತು, ಕಟ್ಟೆಗೆ ಅಂತ್ಯವಿಲ್ಲ. ರೂರ್ ಪ್ರದೇಶದ ಪಂಪುಗಳಂತೆ ಇದೂ ಅನಂತಕಾಲದ ಹೊಣೆ. ಅದರ ಕಾವಲಿಗೆ ಯಾರು ಹೊಣೆ, ಐವತ್ತು ವರ್ಷಗಳ ಬಳಿಕ ಯಾರು, ಅದಕ್ಕೆಂದು ಯಾವ ನಿಧಿಯನ್ನು ಬೇರೆಯಾಗಿ ಇಡಲಾಗಿದೆ, ತಪಾಸಣೆಯ ವರದಿಯನ್ನು ಕೆಳಗಿನ ಊರುಗಳವರು ಕನ್ನಡದಲ್ಲಿ ಓದಬಹುದೇ ಎಂದು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಉತ್ತರ ಬರಹದಲ್ಲಿ ಬರಲಿ, ಅದನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಅಂಟಿಸಿಡಿ.

ಮಳೆ ಹನಿಯಲು ಶುರುವಾಗಿದೆ, ದೂರದ ಊರಿನವರು ಹೊರಡಬೇಕು. ಪ್ರಶ್ನೆಗಳಿದ್ದರೆ ಮೊದಲು ಅವರೇ ಕೇಳಲಿ.